ಅತ್ತೆಯ ಕ್ಯಾಲೆಂಡರಿನಲ್ಲಿ ನನ್ನ ತಾರೀಖುಗಳು

ನಮ್ಮ ಮನೆಯ ಉಪ್ಪಿನಕಾಯಿ ಭರಣಿಗಳಲ್ಲಿ ಎರಡು ವರ್ಷ ಮುಟ್ಟಾದವಳ ಕೈ ಆಡಿದೆ. ಆ ಕೈ ನನ್ನದು. ಹೇಳಿಯೇ ಬಿಡುತ್ತೇನೆ, ಇನ್ನು ಮುಚ್ಚಿಟ್ಟು ಆಗಬೇಕಾದ್ದು ಏನೂ ಉಳಿದಿಲ್ಲ. ಭಟ್ಕಳ, ಹೊನ್ನಾವರ, ಕುಮಟೆಯ ಅಂಗಡಿಗಳಲ್ಲಿ ನಮ್ಮ ಮಿಡಿ ಉಪ್ಪಿನಕಾಯಿ ಕೊಂಡವರು ಇದನ್ನು ಓದಿ ವಾಕರಿಸುವುದಾದರೆ ವಾಕರಿಸಲಿ. ತಿಂದದ್ದು ಜೀರ್ಣವಾಗಿ ಎಷ್ಟೋ ಕಾಲವಾಯಿತು.

ನಾನು ಕುಮಟೆಯ ಹತ್ತಿರದ ಹೊಳನಗದ್ದೆಯವಳು. ಇಪ್ಪತ್ತೆಂಟಕ್ಕೆ ಮದುವೆಯಾಗಿ ಶಿರಾಲಿಗೆ ಬಂದೆ. ಹೆದ್ದಾರಿಯ ಪಕ್ಕದಲ್ಲೇ ಮನೆ. ಮಾವ ತೀರಿಕೊಂಡ ಮೇಲೆ ಅತ್ತೆ ಉಪ್ಪಿನಕಾಯಿ, ಹಪ್ಪಳ ಮಾಡಿ ಮಾರಿ ಮಗನನ್ನು ಬೆಳೆಸಿದವರು. ಈಗ ಆ ಮಗ, ನನ್ನ ಗಂಡ, ಗೂಡ್ಸ್ ರಿಕ್ಷಾದಲ್ಲಿ ಅದನ್ನು ಊರೂರಿಗೆ ಹಾಕಿ ಬರುತ್ತಾರೆ. ಜನ ನಮ್ಮ ಉಪ್ಪಿನಕಾಯಿಯನ್ನು ಹುಡುಕಿಕೊಂಡು ಬರುತ್ತಿದ್ದುದು ರುಚಿಗೆ ಮಾತ್ರವಲ್ಲ, ಅತ್ತೆಯ ಮಡಿಗಾಗಿಯೂ. ಮುಟ್ಟಾದವರ ನೆರಳು ಬಿದ್ದರೂ ಭರಣಿ ಹುಳಿಯುತ್ತದೆ ಎಂದು ನಂಬಿದವರು ಅವರು. ಅದಕ್ಕಾಗಿಯೇ ಅಡುಗೆಮನೆಯ ಬಾಗಿಲ ಹಿಂದೆ ಒಂದು ಕ್ಯಾಲೆಂಡರ್. ನಾನು ಹೊರಗಾದೆ ಎಂದು ಹೇಳಿದ ದಿನ ಅತ್ತೆ ನೀಲಿ ಪೆನ್ಸಿಲ್ಲಿನಿಂದ ಆ ತಾರೀಖಿಗೆ ಒಂದು ಸುತ್ತು ಹಾಕುತ್ತಿದ್ದರು. ಮೂರು ದಿನ ಹಿಂದಿನ ಜಗಲಿ, ನಾಲ್ಕನೇ ದಿನ ತಲೆಸ್ನಾನ, ಆಮೇಲೆ ಒಳಗೆ. ಮುಂದಿನ ತಿಂಗಳ ತಾರೀಖನ್ನು ಅಂದಾಜು ಮಾಡಿ, ಮಿಡಿಗೆ ಕಾರ ಕಲಸುವ ದಿನವನ್ನು ಅದಕ್ಕೆ ತಾಗದ ಹಾಗೆ ಇಡುತ್ತಿದ್ದರು.

ಅತ್ತೆ ಕೆಟ್ಟವರು ಎಂದು ಯಾರಾದರೂ ತಿಳಿದರೆ ನನಗೆ ಸಿಟ್ಟು ಬರುತ್ತದೆ, ಈಗಲೇ ಹೇಳಿಟ್ಟಿರುತ್ತೇನೆ. ಜಗಲಿಯಲ್ಲಿ ಕೂತ ಮೂರು ದಿನವೂ ನನಗೆ ಬಿಸಿಬಿಸಿ ಗಂಜಿ ತಂದುಕೊಡುತ್ತಿದ್ದವರು ಅವರು. ಮದುವೆಯಾದ ಮೂರನೇ ವರ್ಷ ನನಗೆ ಒಂದು ನಿಂತು, ನಾಲ್ಕನೇ ತಿಂಗಳಲ್ಲಿ ಹೋಯಿತು. ಆಗ ನನಗಿಂತ ಹೆಚ್ಚು ಅತ್ತವರೂ ಅವರೇ. ಆಮೇಲೆ ಆ ಕ್ಯಾಲೆಂಡರನ್ನು ನೋಡಿಯೇ ನನಗೆ ಸಮಾಧಾನ ಹೇಳುತ್ತಿದ್ದರು. "ತಾರೀಕು ತಪ್ಪದೆ ಬತ್ತದೆ ಮಾರಾಯ್ತಿ. ಗರ್ಭ ಗಟ್ಟಿ ಅದೆ ಅಂತ ಅರ್ಥ. ಇವತ್ತಲ್ಲ ನಾಳೆ ಆಗೇ ಆಗ್ತದೆ, ಸುಮ್ನಿರು." ನನಗೂ ಮಗು ಬೇಕಿತ್ತು. ಬೇರೇನೂ ಬೇಡ, ಅದೊಂದು ಬೇಕಿತ್ತು.

ಮೂವತ್ತಾರು ದಾಟಿದ ಮೇಲೆ ತಾರೀಖು ತಪ್ಪಲು ಶುರುವಾಯಿತು. ತಲೆಸ್ನಾನ ಮಾಡಿ ಒಳಗೆ ಬಂದ ಒಂಬತ್ತೇ ದಿನಕ್ಕೆ ಮತ್ತೆ. ಐದು ದಿನಕ್ಕೆ ನಿಲ್ಲುವುದು ಹನ್ನೆರಡು ದಿನವಾದರೂ ನಿಲ್ಲುವುದಿಲ್ಲ. ಮೊದಲನೆಯ ಎರಡು ಸಲ ಪ್ರಾಮಾಣಿಕವಾಗಿ ಹೇಳಿ ಜಗಲಿಯಲ್ಲಿ ಕೂತೆ. ಅದು ಮಿಡಿಯ ಕಾಲ. ಚೀಲ ಚೀಲ ಮಿಡಿ ಬಂದು ಬಿದ್ದಿತ್ತು. ತೊಟ್ಟು ಬಿಡಿಸಿ, ತೊಳೆದು, ಉಪ್ಪಿಗೆ ಹಾಕಬೇಕು. ಅತ್ತೆಗೆ ಮಂಡಿನೋವು. ಒಬ್ಬರೇ ಕೂತು ಬಿಡಿಸುತ್ತಿದ್ದರು, ನಾನು ಆರೋಗ್ಯವಂತ ಎಮ್ಮೆಯ ಹಾಗೆ ಜಗಲಿಯಲ್ಲಿ ಕೂತು ನೋಡುತ್ತಿದ್ದೆ. ಮೂರನೇ ಸಲ ಬಾಗಿಲಲ್ಲಿ ನಿಂತು "ಅತ್ತೆ, ಹೊರಗಾದೆ" ಎಂದಾಗ ಅವರು ತಲೆ ಎತ್ತಿ ನೋಡಿದರು.

"ಮತ್ತಾ?" ಎಂದರು.

ಅಷ್ಟೇ. ಬೈಯಲಿಲ್ಲ, ಮುಖ ಸಿಂಡರಿಸಲಿಲ್ಲ. ಎದ್ದು ಪೆನ್ಸಿಲ್ ಹುಡುಕಿದರು. ಆದರೆ ಆ ಒಂದು ಮಾತು ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿತು. ನಾಲ್ಕನೇ ಸಲ ನಾನು ಹೇಳಲಿಲ್ಲ. ಎರಡೆರಡು ಪ್ಯಾಡ್ ಕಟ್ಟಿಕೊಂಡು, ಸ್ನಾನ ಮಾಡಿ, ಒಳಗೆ ಹೋಗಿ ಭರಣಿಗೆ ಕೈ ಹಾಕಿದೆ. ಹದಿನೈದು ದಿನ ದಿನಾ ಬೆಳಿಗ್ಗೆ ಆ ಭರಣಿಯ ಬಾಯಿ ಬಿಚ್ಚಿ ಮೂಸಿ ನೋಡಿದೆ. ಏನೂ ಆಗಲಿಲ್ಲ. ಅಲ್ಲಿಂದ ಮುಂದೆ ಧೈರ್ಯ ಬಂತು. ಹಾಳು ಧೈರ್ಯ.

ಕ್ಯಾಲೆಂಡರಿನ ಪ್ರಕಾರ ಬರಬೇಕಾದ ದಿನ ಬಂದಾಗ ಹೋಗಿ ಜಗಲಿಯಲ್ಲಿ ಕೂರುತ್ತಿದ್ದೆ, ಆ ದಿನ ಒಂದು ಹನಿ ಇರಲಿ, ಇಲ್ಲದಿರಲಿ. ಉಳಿದ ದಿನಗಳಲ್ಲಿ ಸುರಿಯುತ್ತಿದ್ದರೂ ಒಳಗೆ ಕೆಲಸ. ಒಮ್ಮೆ ಒಂದು ಭರಣಿಯ ಮೇಲೆ ಬಿಳಿ ಬೂಸು ಬಂತು. ಹಸಿ ಸೌಟು ಹಾಕಿರಬೇಕು, ಮತ್ತೇನಲ್ಲ. ಅತ್ತೆ ನೇರವಾಗಿ ಕ್ಯಾಲೆಂಡರಿನ ಹತ್ತಿರ ಹೋದರು. ಬೆರಳಿಟ್ಟು ನೋಡಿದರು. "ನೀನಲ್ಲ ಬಿಡು. ನಿಂದು ಹದ್ನೆಂಟಕ್ಕೆ" ಎಂದು ಭರಣಿಯನ್ನು ಹಿತ್ತಲಲ್ಲಿ ಚೆಲ್ಲಿ ಬಂದರು. ಅವರ ಆ ನಂಬಿಕೆ ಇತ್ತಲ್ಲ, ಅದಕ್ಕಿಂತ ಎರಡು ಏಟು ಕೊಟ್ಟಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ.

ತೀರಾ ತಡೆಯದೆ ಹೋದಾಗ ಗುಳಿಗೆ. ಪೂಜೆ, ಮದುವೆ ಬಂದರೆ ಮುಟ್ಟು ಮುಂದೂಡುವ ಗುಳಿಗೆಯನ್ನು ನುಂಗದ ಹೆಂಗಸು ನಮ್ಮ ಕಡೆ ಯಾರಿದ್ದಾರೆ? ಶಿರಾಲಿಯಲ್ಲಿ ತಕ್ಕೊಂಡರೆ ಊರಿಗೆಲ್ಲ ಸುದ್ದಿ, ಅದಕ್ಕೇ ಬಸ್ಸು ಹತ್ತಿ ಭಟ್ಕಳಕ್ಕೆ ಹೋಗುತ್ತಿದ್ದೆ. ಮೆಡಿಕಲ್ ಶಾಪಿನವನು ಚೀಟಿ ಕೇಳುತ್ತಿರಲಿಲ್ಲ. "ಎಂತ ಅಕ್ಕ, ಮದುವೆಯಾ, ಪೂಜೆಯಾ?" ಎಂದು ಮಾತ್ರ ಕೇಳುತ್ತಿದ್ದ. "ಪೂಜೆ" ಎನ್ನುತ್ತಿದ್ದೆ. ಆರನೆಯದೋ ಏಳನೆಯದೋ ಸಲ ಅವನು ನಕ್ಕುಬಿಟ್ಟ. "ನಿಮ್ಮನೆ ದೇವ್ರಿಗೆ ರಜೆನೇ ಇಲ್ವಾ ಅಕ್ಕ?" ನಾನೂ ನಕ್ಕೆ. ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಕಾಲಲ್ಲಿ ಶಕ್ತಿಯಿರದೆ ಸಿಮೆಂಟು ಕಟ್ಟೆಯ ಮೇಲೆ ಕುಸಿದು ಕೂತಿದ್ದೆ.

ಮುಖ ಬಿಳಿಚಿಕೊಂಡದ್ದನ್ನು ಅತ್ತೆಯೇ ಗಮನಿಸಿದರು. ಮಗುವಿನ ವಿಷಯವನ್ನೂ ಕೇಳಿದ ಹಾಗಾಯಿತು ಎಂದು ಹೊನ್ನಾವರದ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಹೊರಡುವಾಗ ಬಾಗಿಲ ಹಿಂದಿನ ಕ್ಯಾಲೆಂಡರನ್ನು ಕಳಚಿ, ಸುರುಳಿ ಸುತ್ತಿ ಚೀಲದಲ್ಲಿಟ್ಟುಕೊಂಡರು. ಹಿಂದಿನ ವರ್ಷದ್ದೂ ಇತ್ತು. "ಡಾಕ್ಟ್ರು ತಾರೀಕು ಕೇಳ್ತ್ರು. ನಿಂಗೆ ನೆನ್ಪಿರೂದಿಲ್ಲ" ಎಂದರು. ಬಸ್ಸಿನಲ್ಲಿ ಶರಾವತಿ ಸೇತುವೆ ದಾಟುವಾಗ ಆ ಚೀಲವನ್ನು ಕಿಟಕಿಯಿಂದ ಹೊಳೆಗೆ ಎಸೆದುಬಿಡಲೇ ಅನ್ನಿಸಿತು. ಎಸೆಯಬೇಕಿತ್ತು.

ಡಾಕ್ಟರು ಕ್ಯಾಲೆಂಡರನ್ನು ಮೇಜಿನ ಮೇಲೆ ಹರಡಿ, ಕನ್ನಡಕ ಸರಿಮಾಡಿಕೊಂಡು ತಿಂಗಳು ತಿಂಗಳು ನೋಡಿದರು. "ಎಷ್ಟು ಚೆನ್ನಾಗಿ ಬರೆದಿಟ್ಟಿದ್ದೀರಿ! ಓದಿದವರೂ ಹೀಗೆ ಇಡೋದಿಲ್ಲ. ಹೋದ ವರ್ಷ ಮೂರು ಸಲ ಏರುಪೇರಾದದ್ದು ಬಿಟ್ಟರೆ ಎಲ್ಲ ಸರಿಯಾಗೇ ಇದೆ" ಎಂದರು. ಅತ್ತೆಯ ಮುಖ ಅರಳಿತು. ಸ್ಕ್ಯಾನ್ ಮಾಡಿದಾಗ ಗರ್ಭಕೋಶದ ಒಳಪದರ ಸ್ವಲ್ಪ ದಪ್ಪ ಕಂಡಿತಂತೆ. ಮತ್ತೆ ಕ್ಯಾಲೆಂಡರ್ ನೋಡಿ, "ಮುಟ್ಟು ಬರುವ ದಿನ ಹತ್ತಿರ ಇದೆಯಲ್ಲ, ಆಗ ಹೀಗಿರಬಹುದು" ಎಂದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ನಡುವೆ ನಡುವೆ ಬ್ಲೀಡಿಂಗ್ ಏನಾದರೂ ಆಗ್ತದಾ?"

ಅತ್ತೆ ನನ್ನ ಪಕ್ಕದ ಕುರ್ಚಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಆ ಹೊತ್ತಿನಲ್ಲೂ ನನಗೆ ಆಗುತ್ತಿತ್ತು. ಕುರ್ಚಿಗೆ ಕಲೆಯಾದೀತೆಂದು ಅಂಚಿನಲ್ಲಿ ಕೂತಿದ್ದೆ.

"ಇಲ್ಲ" ಎಂದೆ.

ರಕ್ತ ಕಡಿಮೆ ಇದೆ ಎಂದು ಕಬ್ಬಿಣದ ಗುಳಿಗೆ ಬರೆದುಕೊಟ್ಟರು. ಹೋಗುವಾಗ, "ಒಂದು ದಿನ ಹೆಚ್ಚುಕಮ್ಮಿ ಆದರೂ ಬಂದು ಹೇಳಿ" ಎಂದರು. ಒಂದು ದಿನವಂತೆ! ನಾನು ಒಂದು ವರ್ಷ ಹೋಗಲಿಲ್ಲ.

ಆ ಒಂದು ವರ್ಷ ತುಂಬುವ ಹೊತ್ತಿಗೆ, ಹಲಸಿನ ಹಪ್ಪಳದ ದಿನಗಳಲ್ಲಿ, ನಾನು ಇನ್ನೊಂದು ಘೋರ ಮಾಡಿದೆ. ವಿಪರೀತ ಹೋಗುತ್ತಿತ್ತೆಂದು ಗುಳಿಗೆ ನುಂಗಿದ್ದೆ. ನಿಂತಿತು. ಕ್ಯಾಲೆಂಡರಿನ ತಾರೀಖು ಬಂದಾಗಲೂ ಮೈ ಒಣಗಿಯೇ ಇತ್ತು. ಎಷ್ಟು ಕಾಲದ ಮೇಲೆ ಸಿಕ್ಕ ನೆಮ್ಮದಿ! ಹಪ್ಪಳದ ಕೆಲಸ ರಾಶಿ ಇದೆ, ಸುಮ್ಮನೆ ಯಾಕೆ ಕೂರಲಿ ಎಂದು ಜಗಲಿಗೆ ಹೋಗಲಿಲ್ಲ. "ಇನ್ನೂ ಆಗಿಲ್ಲ ಅತ್ತೆ" ಎಂದೆ. ಮರುದಿನದಿಂದ ನನ್ನ ಅನ್ನಕ್ಕೆ ಒಂದು ಚಮಚ ತುಪ್ಪ ಹೆಚ್ಚು ಬೀಳತೊಡಗಿತು. ಭರಣಿ ಎತ್ತಲು ಹೋದರೆ "ನೀ ಬಿಡು, ಅವನು ಬಂದು ಎತ್ತತ" ಎನ್ನುತ್ತಿದ್ದರು. ಇವರಿಗೆ ಇದ್ದಕ್ಕಿದ್ದಂತೆ ಎಂಥ ಪ್ರೀತಿ ಬಂತಪ್ಪ ಎಂದುಕೊಂಡೆನೇ ಹೊರತು, ಮೂಢಳಿಗೆ ಹೊಳೆಯಲೇ ಇಲ್ಲ. ತಾರೀಖು ದಾಟಿದ ಮನೆಯಲ್ಲಿ ಅತ್ತೆಯಾದವಳು ಏನು ಎಣಿಸುತ್ತಾಳೆ ಎಂದು ನನಗಲ್ಲದೆ ಬೇರೆ ಯಾರಿಗೆ ಹೊಳೆಯಬೇಕಿತ್ತು?

ಒಂಬತ್ತನೆಯ ದಿನ ಅಂಗಳದಲ್ಲಿ ಚಾಪೆಯ ಮೇಲೆ ಬಿಳಿ ಬಟ್ಟೆ ಹಾಸಿ ಹಪ್ಪಳ ಹರಡುತ್ತಿದ್ದೆ. ಗುಳಿಗೆ ಮುಗಿದಿತ್ತು. ಕಟ್ಟೆ ಒಡೆದ ಹಾಗೆ ಬಂತು. ಏಳಲು ಹೋದೆ, ಬಿಸಿಲೆಲ್ಲ ಕಪ್ಪಾಯಿತು. ಕಣ್ಣು ಬಿಟ್ಟಾಗ ಹಪ್ಪಳದ ಬಿಳಿ ಬಟ್ಟೆ ಕೆಂಪಾಗಿತ್ತು, ನನ್ನ ತಲೆ ಅತ್ತೆಯ ತೊಡೆಯ ಮೇಲಿತ್ತು. ಮುಟ್ಟು, ಮಡಿ ಯಾವುದೂ ಅವರಿಗೆ ನೆನಪಿರಲಿಲ್ಲ. ಎದೆ ಬಡಿದುಕೊಂಡು ಅಳುತ್ತಿದ್ದರು.

"ಹೋಯ್ತನೇ? ಇದೂ ಹೋಯ್ತನೇ ತಂಗಿ? ನಂಗೆ ಗೊತ್ತಿತ್ತೇ, ಬಾಯ್ಬಿಟ್ರೆ ದೃಷ್ಟಿ ತಾಗ್ತದೆ ಅಂತ ಸುಮ್ನಿದ್ದೆ."

ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಇಲ್ಲದ ಮಗುವಿಗಾಗಿ ಅವರು ಅಳುತ್ತಿದ್ದರು. ನಾನೂ ಅತ್ತುಬಿಟ್ಟೆ, ಯಾತಕ್ಕೆಂದು ಹೇಳದೆ.

ಗಂಡ ಅದೇ ಗೂಡ್ಸ್ ರಿಕ್ಷಾದಲ್ಲಿ ಖಾಲಿ ಭರಣಿಗಳ ನಡುವೆ ಮಲಗಿಸಿಕೊಂಡು ಹೊನ್ನಾವರಕ್ಕೆ ಕರೆದೊಯ್ದರು. ಡಾಕ್ಟರು ಪರೀಕ್ಷೆ ಮಾಡಿ, ಗಂಡನನ್ನೂ ಅತ್ತೆಯನ್ನೂ ಹೊರಗೆ ಕಳಿಸಿ, ಬಾಗಿಲು ಹಾಕಿದರು. "ಬಸಿರು ಇರಲೇ ಇಲ್ಲ. ಈಗ ನಿಜ ಹೇಳಿ" ಎಂದರು. ಹೇಳಿದೆ. ಜಗಲಿ, ಭರಣಿ, ಭಟ್ಕಳದ ಗುಳಿಗೆ, ಎಲ್ಲ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅವರಿಗೆ ಸುಳ್ಳು ಹೇಳಿದ್ದು ಅರ್ಥ ಆಗ್ತದಮ್ಮ. ನನಗೆ ಯಾಕೆ ಹೇಳಿದ್ರಿ?"

ಅತ್ತೆಗೆ ಮಾತ್ರ ಹೇಳಬೇಡಿ ಎಂದು ಅವರ ಕೈ ಹಿಡಿದುಕೊಂಡೆ.

ಮೊದಲನೆಯ ಆಪರೇಷನ್ ಕುಮಟೆಯ ಆಸ್ಪತ್ರೆಯೊಂದರಲ್ಲಿ. ಡಾಕ್ಟರೇ ಬಂದು ಮಾಡಿದರು. ಹೊಟ್ಟೆ ಕೊಯ್ಯುವುದಿಲ್ಲ, ಹೊಲಿಗೆಯಿಲ್ಲ. ಪೆನ್ಸಿಲಿನಷ್ಟು ಸಪೂರ ಕೊಳವೆಯ ತುದಿಗೆ ಕ್ಯಾಮೆರಾ, ಅದನ್ನು ಕೆಳಗಿನಿಂದಲೇ ಒಳಗೆ ಕಳಿಸಿ, ಬೆಳೆದ ಮಾಂಸವನ್ನು ಕೆತ್ತಿ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ ಎಂದು ವಿವರಿಸಿದ್ದರು. "ಗರ್ಭಕೋಶ?" ಎಂದು ಕೇಳಿದ್ದೆ. "ಅದು ಅಲ್ಲೇ ಇರ್ತದೆ" ಎಂದಿದ್ದರು. ಆ ಒಂದು ಮಾತನ್ನು ಹಿಡಿದುಕೊಂಡು ಒಳಗೆ ಹೋದೆ. ಬೆಳಿಗ್ಗೆ ಹೋದವಳು ಸಂಜೆಗೆ ಮನೆಗೆ ಬಂದೆ. ಅತ್ತೆಗೆ ನಂಬಿಕೆಯೇ ಬರಲಿಲ್ಲ. "ಹೊಲಿಗೆ ಇಲ್ದೆ ಎಂತ ಆಪ್ರೇಶನ್ನು? ತೊಳ್ದು ಕಳ್ಸಿದ್ರು ಕಾಣ್ತದೆ. ಇನ್ನು ನಿಲ್ತದೆ ನೋಡು" ಎಂದು ದೇವರಿಗೆ ತೆಂಗಿನಕಾಯಿ ಎತ್ತಿಟ್ಟರು. ರಿಪೋರ್ಟ್ ಬರುವವರೆಗಿನ ಹತ್ತು ದಿನ ನಾನೂ ಹಾಗೇ ನಂಬಿದೆ. ಒಂದು ದಿನ ಹೆದ್ದಾರಿಯ ಅಂಗಡಿಯಲ್ಲಿ ತೂಗುಹಾಕಿದ್ದ ಸಣ್ಣ ಹಳದಿ ಅಂಗಿಯನ್ನು ಮುಟ್ಟಿ ಕೂಡ ನೋಡಿದೆ. ಎಂಥ ಆಸೆ, ಛೇ.

ಕೆತ್ತಿದ ಮಾಂಸದಲ್ಲಿ ಕ್ಯಾನ್ಸರ್ ಇತ್ತು. ದೂರದ ದೊಡ್ಡ ಆಸ್ಪತ್ರೆಗೆ ಹೋಗಿ ಇನ್ನೊಂದು ಸ್ಕ್ಯಾನ್ ಮಾಡಿಸಿ ಬಂದೆವು. ಅದು ಗರ್ಭಕೋಶದ ಗೋಡೆಗೂ ಇಳಿಯತೊಡಗಿತ್ತು. ಇನ್ನು ಉಳಿಸಿಕೊಳ್ಳುವ ಮಾತಿಲ್ಲ, ಪೂರ್ತಿ ತೆಗೆಯಲೇಬೇಕು ಎಂದರು ಡಾಕ್ಟರು. ನಾನು ಒಂದೇ ಪ್ರಶ್ನೆ ಕೇಳಿದೆ. ಒಂದು ವರ್ಷ ಮೊದಲು, ಆ ಕ್ಯಾಲೆಂಡರ್ ತಂದ ದಿನ, ನಿಜ ಹೇಳಿದ್ದರೆ?

"ಆಗಲೇ ಕ್ಯಾಮೆರಾ ಹಾಕಿ ನೋಡ್ತಿದ್ದೆ. ಬಹುಶಃ ಔಷಧಿ ಕೊಟ್ಟು, ಮೂರು ತಿಂಗಳಿಗೊಮ್ಮೆ ಪರೀಕ್ಷೆ ಮಾಡ್ತಾ ಮಗುವಿಗೆ ದಾರಿ ಬಿಡಬಹುದಿತ್ತು. ಖಂಡಿತ ಅಂತ ಹೇಳಲಾರೆ" ಎಂದರು.

"ಆ ಗುಳಿಗೆಯಿಂದ ಬಂತಾ ಡಾಕ್ಟ್ರೇ?"

"ಇಲ್ಲಮ್ಮ. ಗುಳಿಗೆ ರೋಗ ತರಲಿಲ್ಲ. ರೋಗ ಇದೆ ಅಂತ ನಿಮ್ಮ ಮೈ ಕೂಗಿ ಹೇಳ್ತಿತ್ತು, ಅದರ ಬಾಯಿ ಮುಚ್ಚಿಸಿತು."

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ನನಗೆ ಬಂದದ್ದು ಬುದ್ಧಿಯೂ ಅಲ್ಲ, ಬರೀ ಹೊಟ್ಟೆಕಿಚ್ಚು. ವರ್ಷದ ಹಿಂದೆ ಆ ಕುರ್ಚಿಯ ಅಂಚಿನಲ್ಲಿ ಕೂತಿದ್ದ ನನ್ನ ಮೇಲೆ ನನಗೇ ಹೊಟ್ಟೆಕಿಚ್ಚು. ಅವಳಿಗೆ ಇನ್ನೂ ಎಲ್ಲ ಇತ್ತು.

ಎರಡನೆಯ ಆಪರೇಷನ್ ಕೂಡ ಕುಮಟೆಯಲ್ಲೇ, ಹೊರಗಿನಿಂದ ಬಂದ ಸರ್ಜನ್ ಮಾಡಿದರು. ಹೊಟ್ಟೆಯ ಮೇಲೆ ನಾಲ್ಕು ತೂತು, ಬಟ್ಟೆಯ ಗುಂಡಿಯಷ್ಟೂ ದೊಡ್ಡದಲ್ಲ. ಒಳಗೆ ಗಾಳಿ ತುಂಬಿಸಿ, ಟಿ.ವಿ. ಪರದೆಯಲ್ಲಿ ನೋಡುತ್ತ, ಎಲ್ಲವನ್ನೂ ಬಿಡಿಸಿದರಂತೆ. ಆ ಗಾಳಿ ಆಮೇಲೆ ಎರಡು ದಿನ ಭುಜಕ್ಕೆ ಏರಿ ಕೂತು ಹಿಂಡಿತು. ಹೊಟ್ಟೆ ಕೊಯ್ದದ್ದಕ್ಕೆ ಭುಜ ಯಾಕೆ ನೋಯುತ್ತದೆ ಎಂದು ನರ್ಸನ್ನು ಬೈದೆ, ಪಾಪ. ನೋಡಲು ಬಂದ ನೆಂಟರೆಲ್ಲ ಹೊದಿಕೆ ಸರಿಸಿ ನೋಡಿ, "ನಾಕೇ ತೂತಾ? ಹಾಂಗಾದ್ರೆ ಸಣ್ಣದೇ ಬಿಡು" ಎಂದು ಹೋದರು. ಸಣ್ಣದೇ! ಗರ್ಭಕೋಶವನ್ನು ಆ ತೂತುಗಳಿಂದ ತೆಗೆಯಲಾಗುವುದಿಲ್ಲ. ಮಗು ಹೊರಗೆ ಬರುವ ದಾರಿಯಿಂದಲೇ ತೆಗೆಯುತ್ತಾರೆ. ಇದನ್ನು ಡಾಕ್ಟರು ಮೊದಲೇ ಹೇಳಿದ್ದರು. ನನ್ನ ಮೈಯಿಂದ ಆ ದಾರಿಯಲ್ಲಿ ಪೂರ್ತಿಯಾಗಿ ಹೊರಬಂದದ್ದು ಅದೊಂದೇ.

ತೆಗೆದದ್ದನ್ನು ಸ್ಟೀಲ್ ತಟ್ಟೆಯಲ್ಲಿಟ್ಟು ಮನೆಯವರಿಗೆ ತೋರಿಸಿದರಂತೆ. ಗಂಡ ನೋಡಿದರು. ಹೇಗಿತ್ತು ಎಂದು ಎಷ್ಟೋ ದಿನದ ಮೇಲೆ ಕೇಳಿದೆ. "ಸಣ್ಣ ಪೇರಲೆಕಾಯಿಯಷ್ಟು" ಎಂದು ಎದ್ದುಹೋದರು. ಅತ್ತೆ ನೋಡಲಿಲ್ಲವಂತೆ. ಗೋಡೆಯ ಕಡೆ ತಿರುಗಿ ನಿಂತಿದ್ದರಂತೆ.

ರೋಗ ಮುಂದೆ ಹರಡಿರಲಿಲ್ಲ. ನೀವು ಅದೃಷ್ಟವಂತರು ಎಂದರು. ಬದುಕಿದ್ದೇನೆ, ಅದು ನಿಜ. ಅದೃಷ್ಟ ಎನ್ನುವ ಮಾತು ಕೇಳಿದರೆ ಮಾತ್ರ ಎದುರಿಗಿದ್ದವರಿಗೆ ಏನಾದರೂ ಎಸೆಯಬೇಕು ಅನ್ನಿಸುತ್ತದೆ.

ಈ ವರ್ಷ ಮಿಡಿ ಬಂತು. ಉಪ್ಪಿಗೆ ಹಾಕಿ, ಚಿರುಟಿದ ಮೇಲೆ ಕಾರ ಕಲಸುವ ದಿನ ಅತ್ತೆ ನನ್ನನ್ನು ಕರೆದರು. ಅಡುಗೆಮನೆಯ ಬಾಗಿಲ ಹಿಂದೆ ಹೊಸ ಕ್ಯಾಲೆಂಡರ್ ಇತ್ತು, ಒಂದೂ ಸುತ್ತಿಲ್ಲದೆ. ಹಳೆಯವನ್ನು ಅವರು ಬಿಸಾಡಿರಲಿಲ್ಲ. ಸುರುಳಿ ಸುತ್ತಿ ದಾರ ಕಟ್ಟಿ ಮಸಾಲೆ ಡಬ್ಬಿಗಳ ಹಿಂದೆ ಇಟ್ಟಿದ್ದರು. ನಾನು ಅತ್ತ ನೋಡುತ್ತಿರುವುದನ್ನು ಕಂಡು ಹೇಳಿದರು: "ಆ ಮೂರು ಸಲ ಬಿಟ್ರೆ ಒಂದಿನ ತಪ್ಪಿದ್ದಲ್ಲ ನಿಂಗೆ. ಆ ತಾರೀಕು ಹಿಡ್ಕಂಡೇ ನಾನು ತಿಂಗ್ಳು ತಿಂಗ್ಳು ನಡೂಕಿನ ನಾಕು ದಿನ ಒಪ್ಪತ್ತು ಊಟ ಮಾಡ್ತಿದ್ದೆ, ಆ ದಿನದಲ್ಲೇ ಬಸ್ರು ನಿಲ್ತದೆ ಅಂಬ್ರಲ್ಲ ಅಂತ. ನಿಂಗೆ ಹೇಳ್ಲಿಲ್ಲ. ಅಂಥ ಗಟ್ಟಿ ಗರ್ಭಕ್ಕೆ ಯಾರ ಕಣ್ಣು ಬಿತ್ತೋ."

ಎರಡು ವರ್ಷ. ನಾನು ಸುಳ್ಳು ಹೇಳಿದ ತಾರೀಖುಗಳ ನಡುವೆ ಅವರು ನನಗಾಗಿ ಉಪವಾಸ ಮಾಡಿದ್ದರು. ಈಗ ಹೇಳಿಬಿಡಬೇಕು, ಇವತ್ತು ಹೇಳದಿದ್ದರೆ ಇನ್ನೆಂದೂ ಇಲ್ಲ ಎಂದು ಬಾಯಿ ತೆರೆದೆ. ಅತ್ತೆ ನನ್ನ ಎರಡೂ ಕೈಗಳನ್ನು ಹಿಡಿದು ಭರಣಿಯ ಹತ್ತಿರ ತಂದರು. ಅವರ ಕಣ್ಣು ತುಂಬಿತ್ತು.

"ಅಳೂದು ಬ್ಯಾಡ ತಂಗಿ. ಆದದ್ದಾತು. ಇನ್ನು ಜಗ್ಲಿ ಇಲ್ಲ, ತಾರೀಕಿಲ್ಲ. ವರ್ಷಪೂರ್ತಿ ಯಾವ ದಿನ ಮುಟ್ಟಿದ್ರೂ ಅಡ್ಡಿಲ್ಲ. ಭರಣಿ ಎಲ್ಲ ನಿಂದೇ. ದೇವ್ರ ದೀಪನೂ ನೀನೇ ಹಚ್ಚು."

ಅದು ಅವರ ಕೈಯಲ್ಲಿದ್ದ ಅತಿ ದೊಡ್ಡ ಉಡುಗೊರೆ. ನನಗೆ ಗೊತ್ತು. ಅದನ್ನು ಕೊಡುವುದಕ್ಕೆಂದು ಅವರು ಬೆಳಿಗ್ಗೆ ಬೇಗ ಎದ್ದು ಸ್ನಾನ ಮಾಡಿ ಕಾದಿದ್ದರು. ನಾನು ಬಾಯಿ ಮುಚ್ಚಿಕೊಂಡೆ. ಮೊಣಕೈವರೆಗೂ ಕೈ ಇಳಿಸಿ, ಉಪ್ಪುನೀರಿನ ತಳದಿಂದ ಒಂದು ಮಿಡಿ ತೆಗೆದು, ಹಿಚುಕಿ ನೋಡಿದೆ.

"ಕೆಟ್ಟದ್ಯನೇ?" ಎಂದು ಕೇಳಿದರು ಅತ್ತೆ.

"ಇಲ್ಲ" ಎಂದೆ.